ಬಲ ಮತ್ತು ವೇಗೋತ್ಕರ್ಷ: ತಿಲಕ್ ನಗರದ ರಸ್ತೆಯಿಂದ ಚಂದ್ರನ ನೆಲದವರೆಗೆ

ವಸ್ತುವಿನ ವೇಗವನ್ನು ಬದಲಿಸುವ ತಳ್ಳುವಿಕೆ ಅಥವಾ ಎಳೆತವೇ ಬಲ. ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದರ ಅಳತೆ ವೇಗೋತ್ಕರ್ಷ. ಬಲ ಹೆಚ್ಚಿದಷ್ಟೂ ವೇಗೋತ್ಕರ್ಷ ಹೆಚ್ಚುತ್ತದೆ, ದ್ರವ್ಯರಾಶಿ ಹೆಚ್ಚಿದಷ್ಟೂ ತಗ್ಗುತ್ತದೆ. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದ ಎರಡನೆಯ ನಿಯಮದ ಸಾರ ಇಷ್ಟೇ. ಹೈಸ್ಕೂಲು ಮಕ್ಕಳು ಇದನ್ನು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಬಾಯಿಪಾಠ ಮಾಡಿದಷ್ಟು ಸುಲಭವಾಗಿ ಅದನ್ನು ನಂಬಲಾಗುವುದಿಲ್ಲ. ವಸ್ತು ಚಲಿಸುತ್ತಿರಬೇಕಾದರೆ ಯಾರಾದರೂ ಏನಾದರೂ ಅದನ್ನು ತಳ್ಳುತ್ತಲೇ ಇರಬೇಕು ಎಂಬುದು ನಮ್ಮೆಲ್ಲರ ದಿನನಿತ್ಯದ ಅನುಭವ. ನಿಯಮ ಹೇಳುವುದೇ ಬೇರೆ: ಚಲಿಸುತ್ತಿರುವುದಕ್ಕೆ ಬಲ ಬೇಡ, ಚಲನೆ ಬದಲಾಗುವುದಕ್ಕೆ ಮಾತ್ರ ಬೇಕು.

ಈ ಲೇಖನದ ಉದಾಹರಣೆಗಳಲ್ಲಿ ಹೆಚ್ಚಿನವು ಬೆಂಗಳೂರು ದಕ್ಷಿಣದ ತಿಲಕ್ ನಗರ ಮತ್ತು ಅದರ ಸುತ್ತಮುತ್ತಲಿನವು. ಪಶ್ಚಿಮಕ್ಕೆ ಜಯನಗರದ ಅಗಲ ರಸ್ತೆಗಳು, ಪೂರ್ವಕ್ಕೆ ಬನ್ನೇರುಘಟ್ಟ ರಸ್ತೆ, ಪಕ್ಕದಲ್ಲೇ ಬೈರಸಂದ್ರ ಮತ್ತು ಗುರಪ್ಪನಪಾಳ್ಯ. ನಡುವೆ ತಳ್ಳುಗಾಡಿ, ಆಟೊ, ಸ್ಕೂಟರ್, ಬಸ್ಸು ಎಲ್ಲವೂ ಒಂದೇ ಇಕ್ಕಟ್ಟಿನಲ್ಲಿ ನಿಂತು ಹೊರಡುವ ಜಾಗ ಇದು. ಇಲ್ಲಿ ಯಾವ ವಾಹನವೂ ಒಂದೇ ವೇಗದಲ್ಲಿ ಒಂದು ನಿಮಿಷ ಓಡುವುದಿಲ್ಲ. ಎರಡನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ವೇಗ ಬದಲಾಗುವುದು ಎಂದರೆ

ದಿನಬಳಕೆಯಲ್ಲಿ ವೇಗ ಎಂದರೆ ಸ್ಪೀಡೊಮೀಟರ್ ತೋರಿಸುವ ಅಂಕಿ. ಭೌತವಿಜ್ಞಾನದಲ್ಲಿ ಆ ಅಂಕಿಗೆ ದಿಕ್ಕೂ ಸೇರಬೇಕು. ಹಾಗಾಗಿ ವೇಗೋತ್ಕರ್ಷ ಮೂರು ಬಗೆಯಲ್ಲಿ ಉಂಟಾಗಬಹುದು: ವಾಹನ ಜೋರಾದಾಗ, ನಿಧಾನವಾದಾಗ, ಮತ್ತು ಅಂಕಿ ಒಂದಿಷ್ಟೂ ಅಲುಗದಿದ್ದರೂ ತಿರುವಿನಲ್ಲಿ ಹೊರಳಿದಾಗ. ಬ್ರೇಕು ಹಾಕುವುದೂ ತಿರುಗುವುದೂ ಲೆಕ್ಕದ ದೃಷ್ಟಿಯಿಂದ ಆಕ್ಸಿಲರೇಟರ್ ಒತ್ತಿದಷ್ಟೇ ವೇಗೋತ್ಕರ್ಷ.

ತಿಲಕ್ ನಗರದ ದಕ್ಷಿಣಕ್ಕೆ, ಮಾರೇನಹಳ್ಳಿ ರಸ್ತೆಯ ಮೇಲೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ನಮ್ಮ ಮೆಟ್ರೊ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೊಮೀಟರ್. ಜಯದೇವ ಆಸ್ಪತ್ರೆ ನಿಲ್ದಾಣದಿಂದ ಹೊರಡುವ ರೈಲನ್ನೇ ತೆಗೆದುಕೊಳ್ಳಿ. ಮೆಟ್ರೊ ರೈಲುಗಳ ವೇಗೋತ್ಕರ್ಷ ಸಾಮಾನ್ಯವಾಗಿ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ಆಸುಪಾಸು. ಎಂದರೆ ಪ್ರತಿ ಸೆಕೆಂಡು ಕಳೆದಾಗಲೂ ವೇಗಕ್ಕೆ ಸೆಕೆಂಡಿಗೆ 1 ಮೀಟರಿನಷ್ಟು ಕೂಡುತ್ತದೆ. ಇದೇ ಲೆಕ್ಕದಲ್ಲಿ ಗಂಟೆಗೆ 80 ಕಿಲೊಮೀಟರ್ ತಲುಪಲು 22 ಸೆಕೆಂಡು ಬೇಕು, ಅಷ್ಟರಲ್ಲಿ ರೈಲು ಸುಮಾರು 250 ಮೀಟರ್ ಮುಂದೆ ಹೋಗಿರುತ್ತದೆ. ಎಂಜಿನಿಯರುಗಳು ಇದಕ್ಕಿಂತ ಹೆಚ್ಚಿನ ವೇಗೋತ್ಕರ್ಷವನ್ನು ಕೊಡಲಾರರೆಂದಲ್ಲ. ನಿಂತಿರುವ ಪ್ರಯಾಣಿಕರು ತಡೆದುಕೊಳ್ಳುವುದಿಲ್ಲ, ಅಷ್ಟೆ. 60 ಕೆಜಿ ತೂಗುವವರೊಬ್ಬರನ್ನು ರೈಲಿನ ಜೊತೆಗೇ ಮುಂದೆ ಒಯ್ಯಲು 60 ನ್ಯೂಟನ್ (ಬಲದ ಏಕಮಾನ) ಬಲ ಬೇಕು. 6 ಕೆಜಿ ಅಕ್ಕಿಯ ಚೀಲ ಕೈಯನ್ನು ಎಳೆಯುವಷ್ಟು. ಪಾದದ ಕೆಳಗಿನ ಘರ್ಷಣೆಯೇ ಅಷ್ಟನ್ನು ಒದಗಿಸಿಬಿಡುತ್ತದೆ. ಆದರೆ ಆ ಬಲ ಬೀಳುವುದು ಪಾದದ ಮೇಲೆ; ಎದೆ, ತಲೆ ಇದ್ದಲ್ಲೇ ಇರಲು ನೋಡುತ್ತವೆ. ಮೈ ಹಿಂದಕ್ಕೆ ವಾಲುವುದು ಇದರಿಂದಲೇ ಹೊರತು ಯಾರೂ ಹಿಂದಕ್ಕೆ ತಳ್ಳಿದ್ದರಿಂದಲ್ಲ. ರೈಲು ಗಂಟೆಗೆ 80 ಕಿಲೊಮೀಟರಿನಲ್ಲಿ ಸಮನಾಗಿ ಓಡತೊಡಗಿದ ಮೇಲೆ ಕಂಬಿ ಬಿಟ್ಟು ನಿಂತು ಮೊಬೈಲ್ ನೋಡಬಹುದು. ನಮ್ಮ ಮೈಗೆ ತಿಳಿಯುವುದು ವೇಗೋತ್ಕರ್ಷ ಮಾತ್ರ; ವೇಗ ಎಷ್ಟಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ನಿವ್ವಳ ಬಲ

ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂಬ ಸಮೀಕರಣದಲ್ಲಿ ಬಲ ಎಂದರೆ ಯಾವುದೋ ಒಂದು ಬಲವಲ್ಲ; ವಸ್ತುವಿನ ಮೇಲೆ ಬೀಳುತ್ತಿರುವ ಎಲ್ಲ ಬಲಗಳನ್ನೂ ದಿಕ್ಕಿನ ಸಮೇತ ಕೂಡಿ ಕಳೆದ ಮೇಲೆ ಉಳಿಯುವ ನಿವ್ವಳ ಬಲ. ಪರೀಕ್ಷೆಯಲ್ಲಿ ಹೆಚ್ಚಿನ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ.

ತರಕಾರಿ ತುಂಬಿದ ತಳ್ಳುಗಾಡಿಯ ದ್ರವ್ಯರಾಶಿ 150 ಕೆಜಿ ಎಂದಿಟ್ಟುಕೊಳ್ಳೋಣ. ಚಕ್ರ, ಅಚ್ಚು, ರಸ್ತೆಯ ತರಿ ಎಲ್ಲ ಸೇರಿ 90 ನ್ಯೂಟನ್ ತಡೆ ಒಡ್ಡುತ್ತವೆ. ವ್ಯಾಪಾರಿ 90 ನ್ಯೂಟನ್‌ಗಿಂತ ಕಡಿಮೆ ತಳ್ಳಿದರೆ ಗಾಡಿ ಮಿಸುಕುವುದಿಲ್ಲ. 120 ನ್ಯೂಟನ್ ತಳ್ಳಿದರೆ ನಿವ್ವಳ ಉಳಿಯುವುದು 30. ಅದನ್ನು 150ರಿಂದ ಭಾಗಿಸಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.2 ಮೀಟರ್ (ಮುಂದಿನ ಅಂಕಿಗಳಿಗೂ ಇದೇ ಮಾನ), ಐದು ಸೆಕೆಂಡಿನಲ್ಲಿ ಗಾಡಿ ಸೆಕೆಂಡಿಗೆ 1 ಮೀಟರ್ ವೇಗಕ್ಕೆ, ಎಂದರೆ ನಿಧಾನ ನಡಿಗೆಯ ವೇಗಕ್ಕೆ ಬರುತ್ತದೆ. ಆಮೇಲೆ ಆತ ತಳ್ಳುವುದನ್ನು 90ಕ್ಕೆ ಇಳಿಸಿದರೆ ಸಾಕು, ಗಾಡಿ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಆಗ ಅವನು ಬೆವರು ಸುರಿಸಿ ತಳ್ಳುತ್ತಿದ್ದರೂ ಗಾಡಿಯ ಮೇಲಿನ ನಿವ್ವಳ ಬಲ ಸೊನ್ನೆ. ಅವನ ಶ್ರಮವೆಲ್ಲ ತಡೆಯ ಲೆಕ್ಕಕ್ಕೆ ಜಮಾ ಆಗುತ್ತಿದೆ, ಚಲನೆಯ ಲೆಕ್ಕಕ್ಕಲ್ಲ. ಚಲನೆಗೆ ಬಲ ಬೇಕೆಂಬ ಹಳೆಯ ನಂಬಿಕೆ ಹುಟ್ಟಿದ್ದು ಈ ಕಾಣದ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರಿಂದ.

1 ಕೆಜಿ ದ್ರವ್ಯರಾಶಿಗೆ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ವೇಗೋತ್ಕರ್ಷ ಕೊಡುವ ಬಲಕ್ಕೆ 1 ನ್ಯೂಟನ್ ಎಂದು ಹೆಸರು. ಈ ಹೆಸರನ್ನು 1948ರ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಸಮ್ಮೇಳನ ಅಂಗೀಕರಿಸಿತು.

ಸ್ಕೂಟರನ್ನು ಮುಂದೆ ತಳ್ಳುವುದು ಯಾವುದು ಎಂದು ಕೇಳಿದರೆ ಎಂಜಿನ್ ಅಥವಾ ಮೋಟಾರ್ ಎಂಬ ಉತ್ತರ ತಕ್ಷಣ ಬರುತ್ತದೆ. ಎಂಜಿನ್ ಸ್ಕೂಟರಿನದೇ ಒಂದು ಭಾಗ; ತನ್ನನ್ನು ತಾನೇ ಅದು ತಳ್ಳಿಕೊಳ್ಳಲಾರದು. ಅದು ಚಕ್ರವನ್ನು ತಿರುಗಿಸುತ್ತದೆ, ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಸ್ಕೂಟರನ್ನು ಮುಂದೂಡುವ ಬಲ ರಸ್ತೆಯದು. ಬೆಂಗಳೂರಿನದೇ ಕಂಪನಿಯಾದ ಏಥರ್ ತನ್ನ 450ಎಕ್ಸ್ ವಿದ್ಯುತ್ ಸ್ಕೂಟರ್ 3.3 ಸೆಕೆಂಡಿನಲ್ಲಿ ಗಂಟೆಗೆ 40 ಕಿಲೊಮೀಟರ್ ಮುಟ್ಟುತ್ತದೆ ಎನ್ನುತ್ತದೆ. ಲೆಕ್ಕ ಹಾಕಿದರೆ ಸರಾಸರಿ ವೇಗೋತ್ಕರ್ಷ 3.4ರ ಹತ್ತಿರ. ಸವಾರ ಸೇರಿ ಒಟ್ಟು 180 ಕೆಜಿ ಎಂದರೆ ರಸ್ತೆ ಒದಗಿಸಬೇಕಾದ ನಿವ್ವಳ ಬಲ 600 ನ್ಯೂಟನ್ನಿನಷ್ಟು. ಹಿಂದೆ 70 ಕೆಜಿಯ ಇನ್ನೊಬ್ಬರು ಕೂತರೆ ಅದೇ ಬಲಕ್ಕೆ ವೇಗೋತ್ಕರ್ಷ 2.4ಕ್ಕೆ ಇಳಿದು, 40 ಮುಟ್ಟಲು ನಾಲ್ಕೂವರೆ ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ.

ರಸ್ತೆ ಕೊಡುವ ಬಲಕ್ಕೂ ಮಿತಿ ಇದೆ. ಒಣ ಡಾಂಬರಿನ ಮೇಲೆ ಟೈರಿಗೆ ಸಿಗುವ ಘರ್ಷಣೆ ವಾಹನದ ತೂಕದ ಸುಮಾರು 0.7ರಷ್ಟು. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ಗಟ್ಟಿಯಾಗಿರಲಿ, ವೇಗೋತ್ಕರ್ಷ ಅದರಾಚೆ, ಎಂದರೆ 7ರ ಆಸುಪಾಸಿನಾಚೆ ಹೋಗದು. ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ ರಸ್ತೆಯ ಮೇಲಿನ ಧೂಳು ಮತ್ತು ಎಣ್ಣೆ ನೀರಿನೊಂದಿಗೆ ಬೆರೆತು ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ದಿನಾ ಹಾಕುವಷ್ಟೇ ಬ್ರೇಕು ಹಾಕಿದರೂ ಸ್ಕೂಟರ್ ಜಾರುವುದು ಅದಕ್ಕೇ.

ಅವೈಜ್ಞಾನಿಕ ಹಂಪ್

ಬೆಂಗಳೂರಿನ ಪತ್ರಿಕೆಗಳಲ್ಲಿ ವರ್ಷಕ್ಕೆ ಹತ್ತಾರು ಸಲ ಕಾಣುವ ಪದ ‘ಅವೈಜ್ಞಾನಿಕ ಹಂಪ್’. ಹಾಗಾದರೆ ವೈಜ್ಞಾನಿಕ ಹಂಪ್ ಯಾವುದು? ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಗಂಟೆಗೆ 25 ಕಿಲೊಮೀಟರ್ ವೇಗಕ್ಕೆಂದು ಹೇಳುವ ಗುಂಡನೆಯ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಎಂದರೆ 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಆ ಮೂರು ಅಂಕಿಗಳ ಹಿಂದೆ ಇರುವುದು ವೇಗೋತ್ಕರ್ಷದ ಲೆಕ್ಕ.

ಉಬ್ಬಿನ ಮೇಲೆ ಹಾಯುವ ವಾಹನ ವೃತ್ತದ ಹಾದಿಯಲ್ಲಿ ಹೋಗುತ್ತಿರುತ್ತದೆ. ಅದರ ದಿಕ್ಕು ಮೊದಲು ಮೇಲಕ್ಕಿದ್ದದ್ದು ಕೆಳಕ್ಕೆ ಹೊರಳುತ್ತದೆ. ಹೀಗೆ ಹೊರಳಲು ಕೆಳಮುಖವಾದ ವೇಗೋತ್ಕರ್ಷ ಬೇಕು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಗಂಟೆಗೆ 25 ಕಿಲೊಮೀಟರಿಗೆ ಇದು 2.8. ಈ ವೇಗೋತ್ಕರ್ಷವನ್ನು ಗುರುತ್ವವೇ ಕೊಡುತ್ತದೆ, ಬೆಂಗಳೂರಿನಲ್ಲಿ ಬೀಳುವ ವಸ್ತುವಿಗೆ ತಾನು ಕೊಡುವ 9.78ರಲ್ಲಿ ಇಷ್ಟನ್ನು ಅಲ್ಲಿ ಖರ್ಚು ಮಾಡುತ್ತದೆ. ಹಾಗಾಗಿ ಹಂಪಿನ ನೆತ್ತಿಯಲ್ಲಿ ಸೀಟಿನ ಮೇಲಿನ ನಮ್ಮ ಭಾರ ಶೇಕಡ 29ರಷ್ಟು ಹಗುರಾದಂತೆ ಅನಿಸುತ್ತದೆ. ಇರುಸುಮುರುಸಾಗುತ್ತದೆ, ಅಪಾಯವಿಲ್ಲ. ಅದೇ ಹಂಪನ್ನು ಗಂಟೆಗೆ 50ರಲ್ಲಿ ಹಾಯಿಸಿದರೆ ಬೇಕಾಗುವ ವೇಗೋತ್ಕರ್ಷ ನಾಲ್ಕು ಪಟ್ಟಾಗಿ 11.3 ಮುಟ್ಟುತ್ತದೆ. ಗುರುತ್ವದ ಬಳಿ ಇರುವುದೇ 9.78. ಸಾಲದ ಭಾಗವನ್ನು ಕೊಡುವವರು ಯಾರೂ ಇಲ್ಲ. ಸೀಟು ನಮ್ಮನ್ನು ಕೆಳಕ್ಕೆ ಎಳೆಯಲಾರದು, ಒಂದು ಕ್ಷಣ ನಾವು ಗಾಳಿಯಲ್ಲಿರುತ್ತೇವೆ. ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರ್ ಈ ಲೆಕ್ಕವನ್ನು ಸ್ವಲ್ಪ ಮೆದುಗೊಳಿಸುತ್ತವೆ, ರದ್ದು ಮಾಡುವುದಿಲ್ಲ.

ಈಗ ಬಡಾವಣೆಯ ಒಳರಸ್ತೆಯಲ್ಲಿ ರಾತ್ರೋರಾತ್ರಿ ಹಾಕಿದ ಹಂಪ್: ಎತ್ತರ ಅದೇ 10 ಸೆಂಟಿಮೀಟರ್, ಅಗಲ ಒಂದೇ ಮೀಟರ್. ತ್ರಿಜ್ಯ 17 ಮೀಟರಿನಿಂದ 1.3 ಮೀಟರಿಗೆ ಇಳಿಯಿತು. ಮಾರ್ಗಸೂಚಿಯ ಹಂಪಿನಷ್ಟೇ ಹಿತವಾಗಿ ಇದನ್ನು ದಾಟಬೇಕಾದರೆ ಗಂಟೆಗೆ 7 ಕಿಲೊಮೀಟರಿನಲ್ಲಿ ಹೋಗಬೇಕು. ಚುರುಕಾಗಿ ನಡೆಯುವವರು ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹೋಗುತ್ತಾರೆ. ಬೆನ್ನುಮೂಳೆಗೆ ಬೀಳುವ ಏಟನ್ನು ನಿರ್ಧರಿಸುವುದು ಹಂಪಿನ ಎತ್ತರ ಒಂದೇ ಅಲ್ಲ, ಅದರ ಬಾಗು ಕೂಡ. ದೂರು ಕೊಡುವಾಗ ‘ಹಂಪ್ ತುಂಬಾ ಎತ್ತರ’ ಎಂದು ಬರೆಯುವುದಕ್ಕಿಂತ ‘ಅಗಲ ಸಾಲದು’ ಎಂದು ಬರೆಯುವುದು ಹೆಚ್ಚು ಸರಿ.

ವಿಚಾರ ಬೆಳೆದ ಬಗೆ

ಬಿಲ್ಲಿನಿಂದ ಬಿಟ್ಟ ಬಾಣ ಹೆದೆಯ ಸಂಪರ್ಕ ತಪ್ಪಿದ ಮೇಲೂ ಏಕೆ ಹಾರುತ್ತಲೇ ಇರುತ್ತದೆ? ಪ್ರಾಚೀನ ಚಿಂತಕರಿಗೆಲ್ಲ ಇದೊಂದು ಒಗಟು. ಸುತ್ತಲಿನ ಗಾಳಿಯೇ ಹಿಂದಿನಿಂದ ತಳ್ಳುತ್ತದೆ ಎಂದು ಅರಿಸ್ಟಾಟಲ್ ಹೇಳಿದ. ಕಣಾದನ ಹೆಸರಿನ ವೈಶೇಷಿಕ ಸೂತ್ರಗಳ ಉತ್ತರ ಇದಕ್ಕಿಂತ ಚೆನ್ನಾಗಿದೆ. ಹೆದೆಯ ನೋದನದಿಂದ, ಎಂದರೆ ತಳ್ಳುವಿಕೆಯಿಂದ, ಬಾಣದಲ್ಲಿ ಮೊದಲ ಚಲನೆ ಹುಟ್ಟುತ್ತದೆ, ಆ ಚಲನೆಯಿಂದ ಸಂಸ್ಕಾರವೆಂಬ ಗುಣ, ಸಂಸ್ಕಾರದಿಂದ ಮುಂದಿನ ಚಲನೆ. ಸಂಸ್ಕಾರ ತೀರಿದಾಗ ಗುರುತ್ವದಿಂದ ಬಾಣ ಬೀಳುತ್ತದೆ. 14ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಜಾನ್ ಬುರಿಡಾನ್ ಮುಂದಿಟ್ಟ ವಿವರಣೆ ಬಹಳ ಮಟ್ಟಿಗೆ ಇದನ್ನೇ ಹೋಲುತ್ತದೆ. ಇಷ್ಟನ್ನು ಹಿಡಿದುಕೊಂಡು ನ್ಯೂಟನ್ನನ ಮೂರೂ ನಿಯಮಗಳು ಕಣಾದನಲ್ಲೇ ಇದ್ದವು ಎಂದು ಸಾರುವ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಅದು ಸರಿಯಲ್ಲ. ವೈಶೇಷಿಕದಲ್ಲಿ ಕಾರಣದ ಸೂಕ್ಷ್ಮ ವಿಚಾರವಿದೆ, ಅಳತೆ ಇಲ್ಲ. ಸಂಸ್ಕಾರ ತೀರಿಹೋಗುವ ಗುಣ. ಬಲ ಬೀಳದಿದ್ದರೆ ಇದ್ದ ಚಲನೆಯಲ್ಲೇ ಉಳಿಯುವ ಜಡತ್ವ ತೀರಿಹೋಗುವುದಿಲ್ಲ.

ಅಳತೆಯನ್ನು ತಂದವನು ಗೆಲಿಲಿಯೊ. ಬೀಳುವ ವಸ್ತು ಕೈಗೆ ಸಿಗದಷ್ಟು ಜೋರು, ಆಗಿನ ಕಾಲಕ್ಕೆ ಸೆಕೆಂಡು ಅಳೆಯುವ ಗಡಿಯಾರವೂ ಇಲ್ಲ. ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ ಬೀಳುವಿಕೆಯನ್ನೇ ಅವನು ನಿಧಾನಗೊಳಿಸಿದ, ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲ ಅಳೆದ. ಕ್ರಮಿಸಿದ ದೂರ ಕಾಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬ ಫಲಿತಾಂಶ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಕೊನೆಯ ಗ್ರಂಥದಲ್ಲಿದೆ. ನ್ಯೂಟನ್ ಬಂದದ್ದು ಆಮೇಲೆ. ನಾವು ಇಂದು ಬರೆಯುವ ಸಮೀಕರಣ ‘ಪ್ರಿನ್ಸಿಪಿಯಾ’ದಲ್ಲಿ ಆ ರೂಪದಲ್ಲಿಲ್ಲ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ನ್ಯೂಟನ್ ಹೇಳಿದ್ದು ಚಲನೆಯ ಪರಿಮಾಣದ ಬದಲಾವಣೆ ಬಲಕ್ಕೆ ಅನುಪಾತದಲ್ಲಿರುತ್ತದೆ, ಬಲದ ದಿಕ್ಕಿನಲ್ಲೇ ಆಗುತ್ತದೆ ಎಂದು. ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧವಾದ ಸಂವೇಗದ ಭಾಷೆಯಲ್ಲಿ. ಯಾವ ವಸ್ತುವಿಗೂ ಅನ್ವಯವಾಗುವ ಸಮೀಕರಣದ ರೂಪಕ್ಕೆ ಅದನ್ನು ತಂದದ್ದು ಲಿಯೊನಾರ್ಡ್ ಆಯ್ಲರ್, 1750ರಲ್ಲಿ ಬರ್ಲಿನ್ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ.

ಆಗಿನ್ನೂ ಮೈಸೂರಿನಲ್ಲಿ ಹೈದರಾಲಿ ಅಧಿಕಾರಕ್ಕೆ ಬಂದಿರಲಿಲ್ಲ. ಮುಂದೆ ಅವನ ಮತ್ತು ಟಿಪ್ಪು ಸುಲ್ತಾನನ ಸೇನೆ ಬಳಸಿದ ರಾಕೆಟ್ಟುಗಳು ಇದೇ ಸಂವೇಗದ ನಿಯಮದ ಮೇಲೆ ಹಾರಿದವು. ಅದುವರೆಗಿನ ಬಾಣಬಿರುಸುಗಳ ಕೊಳವೆ ಕಾಗದದ್ದೋ ಬಿದಿರಿನದೋ ಆಗಿರುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಒಳಗಿನ ಒತ್ತಡ ಹೆಚ್ಚಾದರೂ ಕೊಳವೆ ಸಿಡಿಯಲಿಲ್ಲ, ಅನಿಲ ಇನ್ನಷ್ಟು ರಭಸದಿಂದ ಹಿಂದಕ್ಕೆ ಚಿಮ್ಮಿತು, ಮುಂದಕ್ಕೆ ಸಿಕ್ಕ ಬಲ ಅಷ್ಟು ಹೆಚ್ಚಾಯಿತು. 1780ರ ಪೊಲ್ಲಿಲೂರು ಕಾಳಗದಲ್ಲಿ ಇವುಗಳ ಏಟು ತಿಂದ ಬ್ರಿಟಿಷರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವನ ರಾಕೆಟ್ಟುಗಳು ಅಲ್ಲಿಂದ ಬೆಳೆದವು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆಯಲಾಯಿತು. ಬೆಂಗಳೂರಿನ ವಾಯುವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮಾಡಿದ ಅಧ್ಯಯನ ಈ ರಾಕೆಟ್ಟುಗಳನ್ನು ಎಂಜಿನಿಯರಿನ ಕಣ್ಣಿನಿಂದ ನೋಡಿದ ಮುಖ್ಯ ಬರಹ.

ಬೀಳುವುದು ಮತ್ತು ತೂಗುವುದು

ಭೂಮಿಯ ಎಳೆತ ಬಿಟ್ಟರೆ ಬೇರೆ ಬಲವಿಲ್ಲದ ವಸ್ತು ಬೆಂಗಳೂರಿನಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.78 ಮೀಟರ್ ವೇಗೋತ್ಕರ್ಷದಿಂದ ಬೀಳುತ್ತದೆ. ಕಲ್ಲಾದರೂ ಹತ್ತಿಯಾದರೂ ಅಷ್ಟೇ. ಭಾರದ ವಸ್ತುವಿನ ಮೇಲೆ ಎಳೆತ ಹೆಚ್ಚು, ಆದರೆ ಅದನ್ನು ಕದಲಿಸುವುದೂ ಅದೇ ಪ್ರಮಾಣದಲ್ಲಿ ಕಷ್ಟ, ಎರಡೂ ಸರಿಹೋಗುತ್ತವೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟು ಇದನ್ನೇ ತೋರಿಸಿದರು.

ನೆಲದ ಮೇಲೆ ಗಾಳಿಯದೂ ಒಂದು ಪಾಲಿದೆ. ಜೋಗದ ರಾಜಾ ಧಾರೆ ಬೀಳುವುದು 253 ಮೀಟರ್. ಗಾಳಿಯ ತಡೆಯೇ ಇಲ್ಲದಿದ್ದರೆ 7.2 ಸೆಕೆಂಡಿನಲ್ಲಿ ತಳ ಸೇರುವ ನೀರಿನ ವೇಗ ಗಂಟೆಗೆ 253 ಕಿಲೊಮೀಟರ್. ಎರಡೂ ಅಂಕಿ ಒಂದೇ ಆಗಿರುವುದು ಬರೀ ಕಾಕತಾಳೀಯ. ನಿಜದಲ್ಲಿ ನೀರು ಹರಿಹಂಚಾಗಿ ತುಂತುರಾಗುತ್ತದೆ, ವೇಗ ಅಷ್ಟಕ್ಕೇರುವುದಿಲ್ಲ. ಮಳೆಹನಿಯದೂ ಇದೇ ಕಥೆ. ಎರಡು ಕಿಲೊಮೀಟರ್ ಮೇಲಿನಿಂದ ತಡೆಯಿಲ್ಲದೆ ಬಿದ್ದರೆ ಗಂಟೆಗೆ 700 ಕಿಲೊಮೀಟರ್ ದಾಟಬೇಕಾದ ಹನಿ ನಮ್ಮ ಕೊಡೆಯ ಮೇಲೆ ಬೀಳುವಾಗ ಹೆಚ್ಚೆಂದರೆ 32ರ ಆಸುಪಾಸಿನಲ್ಲಿರುತ್ತದೆ. ಗಾಳಿಯ ತಡೆ ತೂಕಕ್ಕೆ ಸಮನಾದ ಗಳಿಗೆಯಿಂದ ನಿವ್ವಳ ಬಲ ಸೊನ್ನೆ, ವೇಗ ಸ್ಥಿರ.

ಗುರುತ್ವ ವೇಗೋತ್ಕರ್ಷ ಎಲ್ಲ ಕಡೆ ಒಂದೇ ಅಲ್ಲ. ದೆಹಲಿಯಲ್ಲಿ ಅದು 9.79. ವ್ಯತ್ಯಾಸ ಸಣ್ಣದು, ಆದರೆ ಜಯನಗರ ನಾಲ್ಕನೇ ಬ್ಲಾಕಿನ ಚಿನ್ನದಂಗಡಿಗೆ ಸಣ್ಣದಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ತನ್ನನ್ನು ಒತ್ತುವ ಬಲವನ್ನು, ತೋರಿಸುವುದು ಗ್ರಾಮುಗಳನ್ನು. ದೆಹಲಿಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ಹಾಗೆಯೇ ತಂದು ಇಲ್ಲಿಟ್ಟರೆ 100 ಗ್ರಾಂ ಚಿನ್ನ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ಕಡಿಮೆ ತೂಗೀತು. ಅದಕ್ಕೇ ತಕ್ಕಡಿಯನ್ನು ಬಳಸುವ ಊರಿನಲ್ಲೇ ಅಚ್ಚುತೂಕದಿಂದ ಹೊಂದಿಸಬೇಕು. ಹಳೆಯ ಎರಡು ತಟ್ಟೆಯ ತಕ್ಕಡಿಗೆ ಈ ತೊಂದರೆ ಇರಲಿಲ್ಲ: ಎರಡೂ ತಟ್ಟೆಗಳ ಮೇಲೆ ಗುರುತ್ವ ಒಂದೇ.

ಚಂದ್ರನ ಮೇಲೆ ಬ್ರೇಕು

2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರದಿಂದ ನಿಗಾ ಇಟ್ಟ ಚಂದ್ರಯಾನ-3ರ ಇಳಿಯುವಿಕೆ ಎರಡನೆಯ ನಿಯಮದ ದೊಡ್ಡ ಲೆಕ್ಕ. 30 ಕಿಲೊಮೀಟರ್ ಎತ್ತರದಲ್ಲಿ ವಿಕ್ರಮ್ ಲ್ಯಾಂಡರಿನ ವೇಗ ಸೆಕೆಂಡಿಗೆ ಸುಮಾರು 1,680 ಮೀಟರ್. ಗಾಳಿ ಇಲ್ಲದ್ದರಿಂದ ಪ್ಯಾರಾಚೂಟ್ ಬಿಚ್ಚಿ ಉಪಯೋಗವಿಲ್ಲ. ಇರುವುದು ತಲಾ 800 ನ್ಯೂಟನ್ನಿನ ನಾಲ್ಕು ಎಂಜಿನ್, ಒಟ್ಟು 3,200. ಲ್ಯಾಂಡರ್ ಸುಮಾರು 1,750 ಕೆಜಿ. ಭಾಗಿಸಿದರೆ 1.8. ಒರಟು ಬ್ರೇಕಿನ ಹಂತಕ್ಕೆಂದು ಇಸ್ರೊ ಗೊತ್ತುಪಡಿಸಿದ್ದ 690 ಸೆಕೆಂಡುಗಳಲ್ಲಿ ವೇಗ 1,680ರಿಂದ 358ಕ್ಕೆ ಇಳಿಯಬೇಕಿತ್ತು. ಸರಾಸರಿ ವೇಗೋತ್ಕರ್ಷ 1.9. ಎರಡು ಅಂಕಿಗಳು ಇಷ್ಟು ಹತ್ತಿರ ಬರುವುದು ಖುಷಿಯ ವಿಷಯ. ಇಂಧನ ಉರಿದಂತೆ ಲ್ಯಾಂಡರ್ ಹಗುರಾಗುತ್ತ ಹೋಗಿ ಅದೇ ಬಲ ಹೆಚ್ಚು ವೇಗೋತ್ಕರ್ಷ ಕೊಡುತ್ತದೆ. ಎಂಜಿನ್ನಿನ ಬಲದ ಒಂದಿಷ್ಟು ಚಂದ್ರನ ಗುರುತ್ವವನ್ನು ತಡೆಯಲೂ ಖರ್ಚಾಗುತ್ತದೆ. ನೆಲದಿಂದ 150 ಮೀಟರ್ ಮೇಲೆ ಲ್ಯಾಂಡರ್ ಜಾಗ ಹುಡುಕುತ್ತ ತೇಲಿನಿಂತಾಗ ಎಂಜಿನ್ನಿನ ಬಲ ಅದರ ಚಂದ್ರತೂಕಕ್ಕೆ ಸರಿಸಮ. ಉರಿಯುತ್ತಿರುವ ಎಂಜಿನ್, ಸೊನ್ನೆ ನಿವ್ವಳ ಬಲ, ತಳ್ಳುಗಾಡಿಯ ಲೆಕ್ಕವೇ.

ಗಾಳಿ ಇರುವಲ್ಲಿ ಕೆಲಸ ಸುಲಭ. ಚಿತ್ರದುರ್ಗದ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಳಿದ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ ‘ಪುಷ್ಪಕ್’ ನೆಲ ಮುಟ್ಟುವಾಗ ಗಂಟೆಗೆ 320 ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿತ್ತು. ಪ್ಯಾರಾಚೂಟ್ ಅದನ್ನು 100ರ ಹತ್ತಿರಕ್ಕೆ ತಂದಿತು, ಉಳಿದದ್ದನ್ನು ಚಕ್ರದ ಬ್ರೇಕು ನೋಡಿಕೊಂಡಿತು.

ತಲೆ ಮತ್ತು ಹೆಲ್ಮೆಟ್

ತಿಲಕ್ ನಗರಕ್ಕೆ ಅಂಟಿಕೊಂಡ ಬೈರಸಂದ್ರದಲ್ಲಿ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಇದೆ, ಉತ್ತರಕ್ಕೆ ಸ್ವಲ್ಪ ದೂರದಲ್ಲಿ ನಿಮ್ಹಾನ್ಸ್ ಆಸ್ಪತ್ರೆ. ರಸ್ತೆಯಲ್ಲಿ ಮೂಳೆ ಮುರಿದವರೂ ತಲೆಗೆ ಪೆಟ್ಟಾದವರೂ ನಗರದ ಎಲ್ಲೆಡೆಯಿಂದ ಇಲ್ಲಿಗೆ ಬರುತ್ತಾರೆ. ಅಪಘಾತದಲ್ಲಿ ಮೈಯನ್ನು ಮುರಿಯುವುದು ವೇಗವಲ್ಲ, ಆ ವೇಗ ಎಷ್ಟು ಕಡಿಮೆ ದೂರದಲ್ಲಿ ಸೊನ್ನೆಯಾಯಿತು ಎಂಬುದು.

ಲೆಕ್ಕ ನೋಡಿ. ನಿಂತಿರುವ ಸ್ಕೂಟರಿನಿಂದ ಆಯತಪ್ಪಿ ಬಿದ್ದರೂ ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೊಮೀಟರ್. ಬರಿತಲೆ ಡಾಂಬರಿಗೆ ಬಡಿದರೆ ಮೂರು ಮಿಲಿಮೀಟರಿನಷ್ಟರಲ್ಲಿ ನಿಲ್ಲಬೇಕು ಎಂದುಕೊಳ್ಳೋಣ. ವೇಗೋತ್ಕರ್ಷ ಗುರುತ್ವದ 500 ಪಟ್ಟು. ಐದು ಕೆಜಿಯ ತಲೆಯ ಮೇಲೆ ಬೀಳುವ ಬಲ 24,000 ನ್ಯೂಟನ್ನಿಗಿಂತ ಹೆಚ್ಚು, ಎರಡೂವರೆ ಟನ್ ಭಾರ ಹೇರಿದಂತೆ. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಪದರ 25 ಮಿಲಿಮೀಟರ್ ಜಜ್ಜಿಹೋದರೆ ನಿಲ್ಲುವ ದೂರ ಎಂಟು ಪಟ್ಟು ಹೆಚ್ಚಿತು, ವೇಗೋತ್ಕರ್ಷ 60 ಪಟ್ಟಿಗೆ ಇಳಿಯಿತು, ಬಲ 3,000 ನ್ಯೂಟನ್ನಿಗಿಂತ ಕಡಿಮೆಯಾಯಿತು. ಹೆಲ್ಮೆಟ್ ಮಾಡುವ ಮುಖ್ಯ ಕೆಲಸ ಈ 22 ಮಿಲಿಮೀಟರ್ ಹೆಚ್ಚುವರಿ ದೂರ ಒದಗಿಸುವುದು. ಪದರವಿಲ್ಲದ, ಬರೀ ಪ್ಲಾಸ್ಟಿಕ್ ಚಿಪ್ಪಿನ ಅರ್ಧ ಹೆಲ್ಮೆಟ್ ಪೊಲೀಸರ ಕಣ್ಣು ತಪ್ಪಿಸಬಹುದು, ನಿಲ್ಲುವ ದೂರವನ್ನು ಹೆಚ್ಚಿಸುವುದಿಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಪದರ ಮತ್ತೆ ಉಬ್ಬುವುದಿಲ್ಲ. ಹೊರಗೆ ಚೆನ್ನಾಗಿ ಕಂಡರೂ ಅದನ್ನು ಬದಲಿಸಬೇಕು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ದೇಶದಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಆದೇಶ 2021ರ ಜೂನ್ 1ರಿಂದ ಜಾರಿಯಲ್ಲಿದೆ. ‘ಇಲ್ಲೇ ಹಾಲು ತರೋಕೆ’ ಎಂದು ಹೆಲ್ಮೆಟ್ ಬಿಟ್ಟು ಹೊರಡುವವರ ಲೆಕ್ಕದಲ್ಲಿ ತಪ್ಪಿರುವುದು ಒಂದೇ: ಆ 20 ಕಿಲೊಮೀಟರ್ ಬರುವುದು ಸ್ಕೂಟರಿನಿಂದಲ್ಲ, ಭೂಮಿಯಿಂದ.

ಮಿತಿಗಳು

ಎರಡನೆಯ ನಿಯಮ ಎಲ್ಲರ ದೃಷ್ಟಿಯಿಂದಲೂ ಸರಿಬರುವುದಿಲ್ಲ. ಬಸ್ಸು ಗಕ್ಕನೆ ನಿಂತಾಗ ಒಳಗಿನವರಿಗೆ ಯಾರೋ ಮುಂದಕ್ಕೆ ನೂಕಿದಂತೆ ಅನಿಸುತ್ತದೆ, ನೂಕಿದವರು ಯಾರೂ ಇರುವುದಿಲ್ಲ. ರಸ್ತೆಬದಿಯಲ್ಲಿ ನಿಂತವರಿಗೆ ಕಾಣುವುದು ಬಸ್ಸು ನಿಂತಿತು, ಜನ ನಿಲ್ಲಲಿಲ್ಲ ಎಂದು. ತಾನೇ ವೇಗೋತ್ಕರ್ಷಕ್ಕೆ ಒಳಗಾದ ಚೌಕಟ್ಟಿನಲ್ಲಿ ಕೂತು ಲೆಕ್ಕ ಮಾಡುವವರು ಇಂಥ ಹುಸಿಬಲಗಳನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಹೆಸರು ಹುಸಿಯಾದರೂ ಮೈಗೆ ಆಗುವ ಪರಿಣಾಮ ಹುಸಿಯಲ್ಲ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಯುದ್ಧವಿಮಾನದ ಚಾಲಕರನ್ನು ದೊಡ್ಡ ತೋಳಿನ ತುದಿಯ ಕೋಣೆಯಲ್ಲಿ ಕೂರಿಸಿ ಗರಗರ ತಿರುಗಿಸುವ ಯಂತ್ರವಿದೆ. ತೇಜಸ್ ವಿಮಾನ ಗುರುತ್ವದ ಎಂಟು ಪಟ್ಟಿನ ತಿರುವು ತೆಗೆದುಕೊಳ್ಳಬಲ್ಲದು. ಆಗ 70 ಕೆಜಿಯ ಚಾಲಕರಿಗೆ ತಮ್ಮ ಮೈ 560 ಕೆಜಿ ಆದಂತಿರುತ್ತದೆ, ನೆತ್ತರು ಕಾಲಿನತ್ತ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಅದನ್ನು ತಡೆದುಕೊಳ್ಳುವ ಉಸಿರಿನ ಮತ್ತು ಸ್ನಾಯುಗಳ ಅಭ್ಯಾಸ ಆಗುವುದು ಅಲ್ಲಿ.

ಬೆಳಕಿನ ವೇಗದ ಹತ್ತಿರ ಐನ್‌ಸ್ಟೈನ್‌ನ ಸಾಪೇಕ್ಷತೆ ಬೇಕು, ಪರಮಾಣುವಿನ ಒಳಗೆ ಕ್ವಾಂಟಂ ಸಿದ್ಧಾಂತ. ಬನ್ನೇರುಘಟ್ಟ ರಸ್ತೆಯ ಸಂಚಾರಕ್ಕೆ ಎರಡರ ಅಗತ್ಯವೂ ಸದ್ಯಕ್ಕೆ ಕಾಣುತ್ತಿಲ್ಲ.

ಕಲಿಯುವುದು, ಕಲಿಸುವುದು

ಸಮೀಕರಣದ ಲೆಕ್ಕ ಸರಿಯಾಗಿ ಮಾಡುವ ವಿದ್ಯಾರ್ಥಿಗಳೂ ‘ಮೇಲಕ್ಕೆ ಎಸೆದ ಚೆಂಡು ನೆತ್ತಿಯಲ್ಲಿದ್ದಾಗ ಅದರ ಮೇಲೆ ಯಾವ ಬಲವಿದೆ’ ಎಂದರೆ ತಡವರಿಸುತ್ತಾರೆ. ಅಮೆರಿಕದಲ್ಲಿ 1992ರಲ್ಲಿ ಸಿದ್ಧವಾದ ಬಲ ಪರಿಕಲ್ಪನಾ ಪ್ರಶ್ನಾವಳಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿತು. ಬೆಂಗಳೂರು ದಕ್ಷಿಣಕ್ಕೆ ಭೌತವಿಜ್ಞಾನವನ್ನು ಮಾತಿನಲ್ಲಿ, ಪ್ರಶ್ನೆಯಲ್ಲಿ ಕಲಿಸಿದ ಪರಂಪರೆಯೇ ಇದೆ. ಭೌತವಿಜ್ಞಾನದ ಮೇಷ್ಟರಾಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. 1980ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇರುವುದು ಬನಶಂಕರಿಯಲ್ಲಿ. ಅದರ ‘ಬಾಲವಿಜ್ಞಾನ’ ಮಾಸಪತ್ರಿಕೆ ಇಂಥ ವಿಷಯಗಳನ್ನು ಕನ್ನಡದ ಮಕ್ಕಳ ಮನೆಗೆ ತಲುಪಿಸಿದೆ.

ಇಂದು ಪ್ರಯೋಗಕ್ಕೆ ಶಾಲೆಯ ಬೀರುವಿನ ಬೀಗದ ಕೈ ಬೇಕಿಲ್ಲ. ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳಲ್ಲೂ ವೇಗೋತ್ಕರ್ಷ ಅಳೆಯುವ ಚಿಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದರ ಅಳತೆಯನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಜಯದೇವದಿಂದ ರಾಗಿಗುಡ್ಡಕ್ಕೆ ಹೋಗುವ ಮೆಟ್ರೊದ ನೆಲದ ಮೇಲೆ ಮೊಬೈಲನ್ನು ಮಲಗಿಸಿ ಹಿಡಿದರೆ ರೈಲು ಹೊರಟಾಗ ಒಂದು ಉಬ್ಬು, ನಿಲ್ಲುವಾಗ ಒಂದು ತಗ್ಗು, ನಡುವೆ ಸೊನ್ನೆಯ ಹತ್ತಿರದ ಗೆರೆ ಕಾಣುತ್ತದೆ. ಮನೆಗೆ ಬಂದು ಅದೇ ಮೊಬೈಲನ್ನು ಮೇಜಿನ ಮೇಲೆ ಸುಮ್ಮನೆ ಇಡಿ. ಗುರುತ್ವವನ್ನು ಕಳೆಯದ ಆಯ್ಕೆಯಲ್ಲಿ ಅದು ಸೊನ್ನೆ ತೋರಿಸುವುದಿಲ್ಲ, 9.78ರ ಆಸುಪಾಸು ತೋರಿಸುತ್ತದೆ. ಮೇಜು ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುವ ಬಲವನ್ನು ಚಿಪ್ ಅಳೆಯುತ್ತಿದೆ. ಸೊನ್ನೆ ನೋಡಬೇಕಾದರೆ ಮೊಬೈಲನ್ನು ದಪ್ಪ ಹಾಸಿಗೆಯ ಮೇಲೆ ಕೈಬಿಡಬೇಕು. ಬೀಳುತ್ತಿರುವಷ್ಟು ಹೊತ್ತು ಗೆರೆ ಸೊನ್ನೆಗೆ ಇಳಿದಿರುತ್ತದೆ. ಹಾಸಿಗೆ ದಪ್ಪ ಇರಲಿ.